ಕೌದಿಯ ಮೂಲೆ ದೊನ್ನೆಯಾಗುವುದೇಕೆ?

ನೇರ ಅಂಚಿನ ಕೌದಿಗೆ ಪಟ್ಟಿ ಕಟ್ಟುವುದು, ಅಂದರೆ ಅಂಚಿಗೆ ಉದ್ದ ಬಟ್ಟೆ ಹೊಲಿದು ಹಿಂದಕ್ಕೆ ಮಡಿಸಿ ಮುಚ್ಚುವುದು, ಹೆಚ್ಚಿನವರಿಗೆ ಒಗ್ಗಿದ ಕೆಲಸ. ಅಂಚು ಬಾಗಿತೋ, ತಲೆನೋವು ಶುರು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಗೋಳು. ಹಾಗಾಗಿ ಬಣ್ಣ ಹೊಂದಿಸುವುದು, ಕಸೂತಿ ಅಂತ ಬಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಕೇಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ಮಗುವಿಗೆಂದು ಚಿಕ್ಕ ಕೌದಿ ಹೊಲಿದೆ. ಚೂಪು ಮೂಲೆ ಬೇಡ ಅಂತ ಊಟದ ತಟ್ಟೆ ಇಟ್ಟು ಗೆರೆ ಎಳೆದು ನಾಲ್ಕೂ ಮೂಲೆ ದುಂಡಗೆ ಕತ್ತರಿಸಿದೆ. ಪಟ್ಟಿ ಹೊಲಿಯುವಾಗ ಏನೂ ತೊಂದರೆ ಆಗಲಿಲ್ಲ, ಒಂದು ಸುಕ್ಕೂ ಬರಲಿಲ್ಲ. ಹಿಂದಕ್ಕೆ ಮಡಿಸಿ ಹೊಲಿದು ಹಾಸಿ ನೋಡಿದರೆ ಬದಿಗಳೆಲ್ಲ ಚಪ್ಪಟೆಯಾಗಿವೆ, ಮೂಲೆಗಳು ಮಾತ್ರ ದೊನ್ನೆಯ ಹಾಗೆ ಮೇಲೆದ್ದಿವೆ. ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: "ಒಂದು ಸುಕ್ಕೂ ಬರಲಿಲ್ಲ" ಅಂದಿರಲ್ಲ, ತಪ್ಪಿರುವುದು ಅಲ್ಲೇ. ದುಂಡು ಮೂಲೆಯಲ್ಲಿ ಪಟ್ಟಿ ಹೊಲಿಯುವಾಗ ಒಂದಿಷ್ಟು ಸುಕ್ಕು ಇರಲೇಬೇಕು. ಎಲ್ಲಿ ಇರಬೇಕು, ಎಷ್ಟು ಇರಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಲೆಕ್ಕ ನೋಡೋಣ. ಲೆಕ್ಕ ಅಂದ ತಕ್ಷಣ ಪುಟ ತಿರುಗಿಸಬೇಡಿ, ಇದು ಒಮ್ಮೆ ತಲೆಗೆ ಹೋದರೆ ಮುಂದಿನದೆಲ್ಲ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ತಟ್ಟೆ 10 ಇಂಚಿನದು ಅಂದುಕೊಳ್ಳೋಣ. ಅಂದರೆ ನಡುವಿನಿಂದ ಅಂಚಿಗೆ 5 ಇಂಚು. ಮೂಲೆಗೆ ಬರುವುದು ಆ ವೃತ್ತದ ಕಾಲು ಭಾಗ. ಕೌದಿಯ ಅಂಚಿನ ಮೇಲೆಯೇ ಟೇಪು ಹಿಡಿದು ಆ ಬಾಗನ್ನು ಅಳೆದರೆ 7.85 ಇಂಚು ಬರುತ್ತದೆ. ಆದರೆ ನಿಮ್ಮ ಹೊಲಿಗೆ ಅಂಚಿನ ಮೇಲೆ ಹೋಗುವುದಿಲ್ಲ, ಅದರಿಂದ ಕಾಲು ಇಂಚು ಒಳಗೆ ಹೋಗುತ್ತದೆ. ಅಲ್ಲಿ ಅಳೆದರೆ 7.46 ಇಂಚು ಮಾತ್ರ. ಪಟ್ಟಿ ಕೂತಿರುವುದು ಒಳಗಿನ ಗಿಡ್ಡ ಗೆರೆಯ ಮೇಲೆ, ಮಡಿಸಿದಾಗ ಅದು ಸುತ್ತಿಕೊಂಡು ಹೋಗಬೇಕಾದ್ದು ಹೊರಗಿನ ಉದ್ದ ಗೆರೆಯನ್ನು. ಸುಮಾರು 0.4 ಇಂಚು ಬಟ್ಟೆ ಎಲ್ಲಿಂದಲಾದರೂ ಬರಬೇಕಲ್ವಾ? ಪಟ್ಟಿ ಹಿಗ್ಗಿ ಕೊಟ್ಟರೆ ಮೂಲೆ ಚಪ್ಪಟೆಯಾಗಿ ಮಲಗುತ್ತದೆ. ಪಟ್ಟಿ ಕೊಡದಿದ್ದರೆ ಕೌದಿಯೇ ಮುದುಡಿಕೊಂಡು ಆ ಕೊರತೆ ತುಂಬುತ್ತದೆ. ಆಗ ಆಗುವುದೇ ನಿಮ್ಮ ದೊನ್ನೆ.

ಇನ್ನೊಂದು ತಮಾಷೆ ಇದೆ. ತಟ್ಟೆ ದೊಡ್ಡದಿರಲಿ ಚಿಕ್ಕದಿರಲಿ, ಕಾಲು ವೃತ್ತಕ್ಕೆ ಈ 0.4 ಇಂಚಿನ ವ್ಯತ್ಯಾಸ ಬದಲಾಗುವುದೇ ಇಲ್ಲ. 4 ಇಂಚಿನ ಬಟ್ಟಲು ಇಟ್ಟು ಗೆರೆ ಎಳೆದರೂ ಅಷ್ಟೇ. ಆದರೆ ಅಲ್ಲಿ ಹೊಲಿಗೆಯ ಗೆರೆಯೇ 2.75 ಇಂಚು. ಅಷ್ಟು ಪುಟ್ಟ ತುಂಡು 0.4 ಇಂಚು ಹಿಗ್ಗಬೇಕೆಂದರೆ ನೂರಕ್ಕೆ 14ರಷ್ಟಾಯಿತು. ದೊಡ್ಡ ತಟ್ಟೆಯಲ್ಲಿ ನೂರಕ್ಕೆ 5 ಹಿಗ್ಗಿದರೆ ಸಾಕು. ಅದಕ್ಕೇ ಮೊದಲ ಸಲ ಮಾಡುವವರಿಗೆ ನಾನು ಯಾವಾಗಲೂ ದೊಡ್ಡ ತಟ್ಟೆ ತಗೊಳ್ಳಿ ಅನ್ನುವುದು.

ಈಗ ಪಟ್ಟಿಯ ವಿಷಯ. ಪಟ್ಟಿಯನ್ನು ಹೇಗೆ ಕತ್ತರಿಸಿದಿರಿ ಅಂತ ನೀವು ಬರೆದಿಲ್ಲ, ನೇರಕ್ಕೆ ಕತ್ತರಿಸಿದ್ದೀರಿ ಅಂತ ನನ್ನ ಅನುಮಾನ. ಒಂದು ಕರವಸ್ತ್ರ ತಗೊಂಡು ಉದ್ದಕ್ಕೆ ಹಿಡಿದು ಎಳೆಯಿರಿ. ಹಾಸಿನ ಎಳೆ ನೇರವಾಗಿ ಎದುರು ನಿಲ್ಲುತ್ತದೆ, ಬಟ್ಟೆ ಜಗ್ಗುವುದಿಲ್ಲ. ಅಡ್ಡಕ್ಕೆ, ಹೊಕ್ಕಿನ ದಿಕ್ಕಿಗೆ ಎಳೆದರೆ ಒಂಚೂರು ಜಗ್ಗುತ್ತದೆ. ಈಗ ಎದುರುಬದುರು ಮೂಲೆ ಹಿಡಿದು ಎಳೆಯಿರಿ. ರಬ್ಬರಿನ ಹಾಗೆ ಉದ್ದವಾಗುತ್ತದೆ, ಯಾಕೆಂದರೆ ಎಳೆಗಳು ಹಿಗ್ಗದೆ, ಒಂದರ ಮೇಲೊಂದು ಓರೆಯಾಗಿ ಜರುಗುತ್ತವೆ. ಬಾಗಿದ ಅಂಚಿಗೆ ಬೇಕಾದ್ದು ಆ ಓರೆಯಲ್ಲಿ ಕತ್ತರಿಸಿದ ಪಟ್ಟಿ, ಟೈಲರ್‌ಗಳು ಕ್ರಾಸ್ ಪಟ್ಟಿ ಅನ್ನುವುದು ಅದಕ್ಕೇ.

ಕ್ರಾಸ್ ಪಟ್ಟಿ ಹಾಕಿದರೂ ಮೂಲೆ ಏಳಬಹುದು. ಹೊಲಿಯುವಾಗಲೇ ಕೈ ಅದನ್ನು ಎಳೆದುಬಿಟ್ಟರೆ ಹಿಗ್ಗುವ ಶಕ್ತಿಯೆಲ್ಲ ಅಲ್ಲೇ ಖರ್ಚಾಗಿ ಹೋಗಿರುತ್ತದೆ, ಮಡಿಸುವ ಹೊತ್ತಿಗೆ ಕೊಡಲು ಏನೂ ಉಳಿದಿರುವುದಿಲ್ಲ. ನಾನು ಹೊಲಿದ ಮೊದಲ ದುಂಡು ಕೌದಿ, ಅಡ್ಡಕ್ಕೆ 60 ಇಂಚಿನದು, ನೆಲದ ಮೇಲೆ ಹಾಸಿದರೆ ಬಾಣಲೆಯ ಹಾಗೆ ಕೂತಿತ್ತು. ಲೆಕ್ಕದ ಪ್ರಕಾರ ಅಷ್ಟು ದೊಡ್ಡ ವೃತ್ತಕ್ಕೆ ಪಟ್ಟಿ ನೂರಕ್ಕೆ ಒಂದರಷ್ಟೂ ಹಿಗ್ಗಬೇಕಿರಲಿಲ್ಲ. ಬಿಗಿಯಾಗಿ ಹಿಡಿದರೆ ನೀಟಾಗಿ ಬರುತ್ತದೆ ಅಂತ ಸುತ್ತಲೂ 188 ಇಂಚು ಎಳೆಯುತ್ತಲೇ ಹೋಗಿದ್ದೆ, ಅಷ್ಟೇ.

ಹಾಗಾದರೆ ಹೇಗೆ ಹೊಲಿಯಬೇಕು? ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಬಿಚ್ಚಿದ ಅಂಚನ್ನು ಕೌದಿಯ ಅಂಚಿಗೆ ಸೇರಿಸಿ. ಬಾಗು ಶುರುವಾಗುವಲ್ಲಿ ಒಂದು ಪಿನ್ನು, ಮುಗಿಯುವಲ್ಲಿ ಒಂದು, ನಡುವೆ ಎರಡು ಮೂರು. ದಪ್ಪ ಕೌದಿಗೆ ಪಿನ್ನಿಗಿಂತ ಕ್ಲಿಪ್ಪು ಒಳ್ಳೆಯದು, ಪಿನ್ನು ಪಟ್ಟಿಯನ್ನು ಎತ್ತಿ ಹಿಡಿದು ಜಾಗ ತಪ್ಪಿಸುತ್ತದೆ. ಸೇರಿಸುವಾಗ ಎಳೆಯದೆ, ಪಟ್ಟಿಯನ್ನೇ ತುಸು ಸಡಿಲ ಬಿಟ್ಟು, ಬೆರಳಿನಿಂದ ಬಾಗಿನ ಒಳಕ್ಕೆ ದೂಡಿದ ಹಾಗೆ ಕೂರಿಸಿ. ಆಗ ಪಟ್ಟಿಯ ಮಡಿಕೆಯ ಕಡೆ, ಅಂದರೆ ಕೌದಿಯ ಒಳಮೈ ಕಡೆ ಇರುವ ಅಂಚಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತದೆ. ನಾನು ಹೇಳಿದ ಸುಕ್ಕು ಇದು. ಇದು ಕಾಣಿಸಿದರೆ ಖುಷಿಪಡಿ. ಸೂಜಿ ಹೋಗುವ ಗೆರೆಯಲ್ಲಿ ಮಾತ್ರ ಮಡಿಕೆ ಬೀಳಬಾರದು.

ಮೆಷಿನ್ ನಿಧಾನ ಓಡಿಸಿ. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇರಲಿ. ನಾಲ್ಕೈದು ಹೊಲಿಗೆಗೊಮ್ಮೆ ಸೂಜಿ ಬಟ್ಟೆಯಲ್ಲಿ ಇಳಿದಿರುವಂತೆಯೇ ನಿಲ್ಲಿಸಿ, ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಕಾಲು) ಎತ್ತಿ, ಕೌದಿಯನ್ನು ಒಂಚೂರು ತಿರುಗಿಸಿ ಮುಂದುವರಿಯಿರಿ. ವಾಕಿಂಗ್ ಫುಟ್ ಇದ್ದರೆ ಹಾಕಿಕೊಳ್ಳಿ, ಅದು ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ನಡೆಸುತ್ತದೆ. ಮಾಮೂಲಿ ಫುಟ್ ಮೇಲಿನ ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ, ಅದನ್ನು ತಡೆಯಲು ಹೋಗಿ ನಾವು ಎಳೆದುಬಿಡುತ್ತೇವೆ. ಮೊದಲ ಮೂಲೆಯನ್ನು ಉದ್ದ ಹೊಲಿಗೆಯಲ್ಲಿ, 4 ಮಿಲಿಮೀಟರ್ ಇಟ್ಟು, ಕಚ್ಚಾ ಹೊಲಿದು ಮಡಿಸಿ ನೋಡಿ. ಚಪ್ಪಟೆಯಾಗಿ ಕೂತರೆ ಅದರ ಮೇಲೆಯೇ ಪಕ್ಕಾ ಹೊಲಿಗೆ ಓಡಿಸಿ. ಎದ್ದರೆ ಒಂದು ನಿಮಿಷದಲ್ಲಿ ಬಿಚ್ಚಬಹುದು.

ಈಗಾಗಲೇ ಹೊಲಿದು ಮುಗಿಸಿದ್ದನ್ನು ಸರಿಮಾಡುವುದು ಸ್ವಲ್ಪ ಕಿರಿಕಿರಿಯೇ. ಕ್ರಾಸ್ ಪಟ್ಟಿ ಹಾಕಿದ್ದು, ಮೂಲೆ ಸ್ವಲ್ಪವೇ ಎದ್ದಿದ್ದರೆ, ಒದ್ದೆ ಬಟ್ಟೆ ಹಾಸಿ ಇಸ್ತ್ರಿಯನ್ನು ಒತ್ತಿ ಒತ್ತಿ ಇಡಿ. ಉಜ್ಜಬೇಡಿ. ಅಷ್ಟಕ್ಕೂ ಕೂರದಿದ್ದರೆ ಬಿಚ್ಚಲೇಬೇಕು. ಮೂಲೆಯನ್ನಷ್ಟೇ ಬಿಚ್ಚಿದರೆ ಸಾಲದು, ಎಳೆದು ಹೊಲಿದ ಪಟ್ಟಿಗೆ ಉದ್ದವೇ ಕಡಿಮೆ ಇರುತ್ತದಲ್ಲ. ಮೂಲೆಯ ಎರಡೂ ಪಕ್ಕ ಏಳೆಂಟು ಇಂಚು ನೇರ ಭಾಗವನ್ನೂ ಬಿಚ್ಚಿ, ಅಲ್ಲಿ ಪಟ್ಟಿಯನ್ನು ತುಸು ಬಿಗಿ ಮಾಡಿ, ಮಿಕ್ಕಿದ್ದನ್ನು ಮೂಲೆಗೆ ಸರಿಸಿ. ನೇರ ಅಂಚು ಅಷ್ಟು ಬಿಗಿಯನ್ನು ತಡೆದುಕೊಳ್ಳುತ್ತದೆ. ನೇರ ಪಟ್ಟಿ ಹಾಕಿದ್ದರೆ ಮಾತ್ರ ಅದನ್ನು ಪೂರ್ತಿ ತೆಗೆದು ಹೊಸದು ಹಾಕಿ ಅಂತಲೇ ಹೇಳುತ್ತೇನೆ. ಮೂಲೆ ನಾಲ್ಕೇ ತಾನೇ ಅಂತ ಅಲ್ಲಿಗೆ ಮಾತ್ರ ಕ್ರಾಸ್ ತುಂಡು ಜೋಡಿಸಿದವರನ್ನು ನೋಡಿದ್ದೇನೆ. ಎಂಟು ಕಡೆ ಜೋಡಣೆ ಬಂದು ಅಂಚು ಗಂಟುಗಂಟಾಗಿತ್ತು.

ಪ್ರಶ್ನೆ: ಕ್ರಾಸ್ ಪಟ್ಟಿಗೆ ಬಟ್ಟೆ ತುಂಬಾ ದಂಡವಾಗುತ್ತದೆ ಅನ್ನುತ್ತಾರೆ. 60ಕ್ಕೆ 80 ಇಂಚಿನ ಕೌದಿಗೆ ಎಷ್ಟು ಬಟ್ಟೆ ಬೇಕು? ಪಟ್ಟಿ ಎಷ್ಟು ಅಗಲ ಇರಬೇಕು?

ಉತ್ತರ: ದಂಡ ಆಗುವುದು ಮೂಲೆಗಳಲ್ಲಿ ಉಳಿಯುವ ಚಿಕ್ಕ ತ್ರಿಕೋನಗಳು ಮಾತ್ರ, ಅದನ್ನೂ ಉಳಿಸುವ ದಾರಿ ಇದೆ.

ಮೊದಲು ಅಗಲ. ನೇರ ಅಂಚಿನ ಕೌದಿಗೆ 2½ ಇಂಚು ಕತ್ತರಿಸಿ ಎರಡು ಮಡಿಕೆ ಮಾಡುವುದು ರೂಢಿ. ಬಾಗಿದ ಅಂಚಿಗೆ ನಾನು 2¼ ಇಂಚಿಗೆ ಇಳಿಯುತ್ತೇನೆ, ಬಾಗು ಚಿಕ್ಕದಾದಷ್ಟೂ ಕಿರಿದು ಪಟ್ಟಿ ಮಾತು ಕೇಳುತ್ತದೆ. ಕೌದಿ ತುಂಬಾ ದಪ್ಪ ಇದ್ದರೆ 2¼ ಹಿಂಬದಿಯ ಹೊಲಿಗೆ ಗೆರೆಯನ್ನು ಮುಚ್ಚದೆ ಹೋಗಬಹುದು, ಉಳಿದ ಚೂರಿನ ಮೇಲೆ ಒಮ್ಮೆ ಸುತ್ತಿ ನೋಡಿ. ತೀರಾ ಸಣ್ಣ ಬಾಗಾದರೆ 1½ ಇಂಚಿನ ಒಂಟಿ ಪಟ್ಟಿಯೂ ಆಗುತ್ತದೆ, ಆದರೆ ಒಂದೇ ಪದರ, ಬೇಗ ಸವೆಯುತ್ತದೆ. ಕೌದಿಯಲ್ಲಿ ಎಲ್ಲಕ್ಕಿಂತ ಮೊದಲು ಹರಿಯುವುದು ಅಂಚೇ. ಕ್ರಾಸ್ ಪಟ್ಟಿಯ ಇನ್ನೊಂದು ಗುಣ ಅಲ್ಲಿ ಗೊತ್ತಾಗುತ್ತದೆ. ನೇರ ಪಟ್ಟಿಯ ಮಡಿಕೆಯ ಮೇಲೆ ಒಂದೆರಡು ಎಳೆಗಳೇ ಉದ್ದಕ್ಕೂ ಓಡಿರುತ್ತವೆ, ಅವು ಸವೆದರೆ ಉದ್ದಕ್ಕೇ ಬಾಯಿ ಬಿಡುತ್ತದೆ. ಓರೆ ಕತ್ತರಿಸಿದ್ದರಲ್ಲಿ ನೂರಾರು ಎಳೆ ಮಡಿಕೆಯನ್ನು ದಾಟಿ ಹೋಗುತ್ತವೆ, ಒಂದು ಹೋದರೂ ಪಕ್ಕದ್ದು ಹಿಡಿದಿರುತ್ತದೆ.

ನಿಮ್ಮ ಕೌದಿಯ ಸುತ್ತಳತೆ 280 ಇಂಚು. ತುದಿ ಜೋಡಿಸಲು ಅಂತ 20 ಸೇರಿಸಿ, 300. ಚೌಕ ಬಟ್ಟೆಯ ಉದ್ದ ಅಗಲ ಗುಣಿಸಿ, ಪಟ್ಟಿಯ ಅಗಲದಿಂದ ಭಾಗಿಸಿದರೆ ಅದರಿಂದ ಎಷ್ಟು ಉದ್ದದ ಪಟ್ಟಿ ಬರುತ್ತದೆ ಅಂತ ಸಿಗುತ್ತದೆ. 28 ಇಂಚಿನ ಚೌಕಕ್ಕೆ 784, ಅದನ್ನು 2.25ರಿಂದ ಭಾಗಿಸಿದರೆ 348. ಹೊಲಿಗೆಗೆ ಹೋಗುವುದನ್ನು ಕಳೆದರೂ 330ರ ಮೇಲೆ ಉಳಿಯುತ್ತದೆ, ಸಾಕು. ಮಗುವಿನ ಕೌದಿ, 36ಕ್ಕೆ 45 ಇಂಚಿನದು ಅನ್ನಿ, ಅದಕ್ಕೆ 21 ಇಂಚಿನ ಚೌಕ ಸಾಲುತ್ತದೆ.

ಈ ಲೆಕ್ಕ ಸರಿಹೋಗುವುದು ಕೊಳವೆ ಮಾಡಿ ಕತ್ತರಿಸಿದರೆ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ಮಾಡಿ. ಚೌಕದಲ್ಲಿ ಎದುರುಬದುರಾಗಿದ್ದ ಎರಡು ನೇರ ಅಂಚುಗಳನ್ನು, ಮೇಲಿನದು ಮತ್ತು ಕೆಳಗಿನದು, ಒಂದಕ್ಕೊಂದು ಸೇರಿಸಿ ಹೊಲಿಯಿರಿ. ವಾಲಿದ ಚೌಕದಂಥ ಆಕಾರ ಬರುತ್ತದೆ. ಅದರ ಓರೆ ಅಂಚಿಗೆ ಸಮನಾಗಿ 2¼ ಇಂಚಿಗೊಂದರಂತೆ ಗೆರೆ ಹಾಕಿ. ಆಮೇಲೆ ಉಳಿದ ಎರಡು ನೇರ ಅಂಚುಗಳನ್ನು ಸೇರಿಸಿ ಕೊಳವೆ ಮಾಡುವಾಗ ಗೆರೆಗೆ ಗೆರೆ ಕೂಡಿಸದೆ ಒಂದು ಸಾಲು ಆಚೆ ಜರುಗಿಸಿ ಹೊಲಿಯಿರಿ. ಹೊರಗೆ ಉಳಿದ ತುದಿಯಿಂದ ಕತ್ತರಿ ಹಾಕಿ ಗೆರೆಯ ಮೇಲೆ ಸುತ್ತುತ್ತಾ ಹೋದರೆ ಒಂದೇ ಉದ್ದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಓದುವಾಗ ಗೊಂದಲ ಅನಿಸುತ್ತದೆ, ನಿಜ. ಒಂದು ಕಾಗದದ ಚೌಕದಲ್ಲಿ ಅಂಟಿಸಿ ನೋಡಿ, ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ನನಗೆ ಕೇಳಿದರೆ ಚಿಕ್ಕ ಕೌದಿಗೆ ಇಷ್ಟು ಸರ್ಕಸ್ ಬೇಡ. 45 ಡಿಗ್ರಿ ಓರೆಯಲ್ಲಿ ಬಿಡಿಬಿಡಿ ಪಟ್ಟಿ ಕತ್ತರಿಸಿ ಜೋಡಿಸಿಕೊಳ್ಳಿ. ಜೋಡಣೆಯೂ ಓರೆಯಲ್ಲೇ ಇರಲಿ, ಹೊಲಿಗೆಯನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ, ದಪ್ಪ ಹಂಚಿಹೋಗುತ್ತದೆ. ಕತ್ತರಿಸುವ ಮೊದಲು ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೆ ಕೈಯಲ್ಲಿ ಜಾರಾಡುವುದಿಲ್ಲ. ಕತ್ತರಿಸಿದ ಮೇಲೆ ಇಸ್ತ್ರಿಯನ್ನು ಪಟ್ಟಿಯ ಉದ್ದಕ್ಕೆ ಎಳೆಯಬೇಡಿ. ಎತ್ತಿ ಎತ್ತಿ ಒತ್ತಿ.

ಪ್ರಶ್ನೆ: ಬಾಗಿದ ಗೆರೆಯಲ್ಲಿ ಕೌದಿಯನ್ನು ಮೊದಲು ಕತ್ತರಿಸಬೇಕೋ, ಪಟ್ಟಿ ಹೊಲಿದ ಮೇಲೋ?

ಉತ್ತರ: ಹೊಲಿದ ಮೇಲೆ. ಗೆರೆ ಎಳೆಯಿರಿ, ಪಟ್ಟಿಯ ಅಂಚನ್ನು ಗೆರೆಗೆ ಕೂಡಿಸಿ ಹೊಲಿಯಿರಿ, ಆಮೇಲೆ ಪಟ್ಟಿಯ ಅಂಚಿಗೆ ಸರಿಯಾಗಿ ಕೌದಿಯ ಮಿಕ್ಕ ಬಟ್ಟೆ ಕತ್ತರಿಸಿ. ಬಾಗಿದ ಗೆರೆಯಲ್ಲಿ ಕತ್ತರಿಸಿದ ಕೂಡಲೇ ಕೌದಿಯ ಆ ಭಾಗವೂ ಕ್ರಾಸ್ ಬಟ್ಟೆಯಾಗಿಬಿಡುತ್ತದೆ, ಮುಟ್ಟಿದರೆ ಜಗ್ಗುತ್ತದೆ. ಈಗಾಗಲೇ ಕತ್ತರಿಸಿಬಿಟ್ಟಿದ್ದರೆ ಹೆದರಬೇಡಿ, ಅಂಚಿನಿಂದ ⅛ ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ ಓಡಿಸಿ ಮೂರೂ ಪದರ ಕಟ್ಟಿಹಾಕಿ. ಅದು ಪಟ್ಟಿಯೊಳಗೆ ಮುಚ್ಚಿಹೋಗುತ್ತದೆ.

ಒಂದು ಮಾತು, ಕತ್ತರಿಸುವಾಗ ಒಳಗಿನ ಹತ್ತಿ ಪದರವನ್ನು ಜಾಸ್ತಿ ಕತ್ತರಿಸಿಬಿಡಬೇಡಿ. ಮಡಿಸಿದ ಪಟ್ಟಿಯೊಳಗೆ ತುದಿವರೆಗೂ ಹತ್ತಿ ತುಂಬಿರಬೇಕು. ಬೆರಳಲ್ಲಿ ಹಿಸುಕಿ ನೋಡಿ, ಟೊಳ್ಳು ಅನಿಸಿದರೆ ಆ ಜಾಗ ಮೊದಲು ಹರಿಯುತ್ತದೆ.

ಪ್ರಶ್ನೆ: ನನ್ನ ಕೌದಿಯ ಅಂಚು ಸುತ್ತಲೂ ಅಲೆ ಅಲೆಯಾಗಿದೆ. ಅಲೆಯ ಮೇಲೆ ಪಟ್ಟಿ ಚೆನ್ನಾಗಿ ಕೂರುತ್ತದೆ, ಎರಡು ಅಲೆ ಸೇರುವ ಸಂದಿಯಲ್ಲಿ ಮಾತ್ರ ಬಟ್ಟೆ ಗುಡ್ಡೆ ಬೀಳುತ್ತದೆ. ಬಿಚ್ಚಿ ಬಿಚ್ಚಿ ಸಾಕಾಗಿದೆ. ಹೃದಯದ ಆಕಾರದ ಕೌದಿಗೂ ಇದೇ ವಿಧಾನವೇ?

ಉತ್ತರ: ಸಂದಿಯಲ್ಲಿ ಗುಡ್ಡೆ ಬೀಳುತ್ತಿದೆ ಅಂದರೆ ನೀವು ಅಲ್ಲಿ ಮಡಿಕೆ ಹಾಕಿ ಹೊಲಿಯುತ್ತಿದ್ದೀರಿ. ನೇರ ಕೌದಿಯ ಚೂಪು ಮೂಲೆಗೆ ಮಡಿಕೆ ಹಾಕಿ ಅಭ್ಯಾಸವಾದ ಕೈ, ಇಲ್ಲೂ ಹಾಗೇ ಮಾಡುತ್ತದೆ. ಸಂದಿಯಲ್ಲಿ ಮಡಿಕೆ ಬೇಡವೇ ಬೇಡ.

ಮಾಡಬೇಕಾದ್ದು ಇಷ್ಟು. ಸಂದಿಯ ತಳದಲ್ಲಿ ಕೌದಿಗೆ ಒಂದು ಚಿಕ್ಕ ಕಚ್ಚು ಹಾಕಿ, ಹೊಲಿಗೆ ಗೆರೆಗೆ ಒಂದೆರಡು ಎಳೆ ಇರುವಾಗಲೇ ಕತ್ತರಿ ನಿಲ್ಲಿಸಿ. ಹಾಕುವ ಮೊದಲು ಆ ಜಾಗದಲ್ಲಿ ಗೆರೆಗೆ ಅಂಟಿಕೊಂಡು ಸಣ್ಣ ಹೊಲಿಗೆ ಓಡಿಸಿದ್ದರೆ ಕಚ್ಚು ಒಳಗೆ ಹರಿಯುವುದಿಲ್ಲ. ಒಂದು ಅಲೆಯನ್ನು ಇಳಿದು ಸಂದಿಯ ತಳಕ್ಕೆ ಬಂದಾಗ ಸೂಜಿ ಕೆಳಗಿಟ್ಟು ನಿಲ್ಲಿ, ಫುಟ್ ಎತ್ತಿ. ಈಗ ಮುಂದಿನ ಅಲೆಯನ್ನು ನಿಮ್ಮ ಕಡೆಗೆ ತಿರುಗಿಸಿ. ಕಚ್ಚು ಬಾಯಿ ಬಿಟ್ಟು ಸಂದಿ ಹೆಚ್ಚುಕಡಿಮೆ ನೇರ ಗೆರೆಯಾಗುತ್ತದೆ. ಹಿಂದೆ ಗುಡ್ಡೆಯಾದ ಕೌದಿಯನ್ನು ಫುಟ್‌ನಿಂದ ಆಚೆ ಸರಿಸಿ, ಪಟ್ಟಿಯನ್ನು ಮಡಿಸದೆ ಹಾಗೇ ನೇರಕ್ಕೆ ಮುಂದುವರಿಸಿ. ಹೊಲಿಗೆಯ ಆ ತುದಿಯಲ್ಲಿ ಕೌದಿಯ ಒಂದು ಸುಕ್ಕೂ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ, ತಾಳ್ಮೆ ಬೇಕಾದ್ದು ಆ ಎರಡು ಮೂರು ಹೊಲಿಗೆಗೆ ಮಾತ್ರ. ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದಾಗ ಸಂದಿಯಲ್ಲಿ ಮಡಿಕೆ ತಾನಾಗೇ ಬೀಳುತ್ತದೆ. ಅದನ್ನು ಸೂಜಿಯ ತುದಿಯಿಂದ ಒಳಗೆ ತಳ್ಳಿ, ಒಂದು ಕೈಹೊಲಿಗೆ ಹಾಕಿ ಹಿಡಿಸಿ.

ಹೃದಯಕ್ಕೆ ಮೇಲಿನ ಸಂದಿಗೆ ಇದೇ, ಕೆಳಗಿನ ಚೂಪಿಗೆ ನಿಮಗೆ ಗೊತ್ತಿರುವ ಮಡಿಕೆ ಮೂಲೆ, ಎರಡು ದುಂಡು ಹೆಗಲಿಗೆ ಮೊದಲ ಉತ್ತರದಲ್ಲಿ ಹೇಳಿದ ಸಡಿಲ. ಒಂದೇ ಕೌದಿಯಲ್ಲಿ ಮೂರು ಪಾಠ.

ಕೆಲವು ಕೌದಿಗಳಲ್ಲಿ ಚೂಪು ಸಂದಿಯ ಬದಲು ಒಳಕ್ಕೆ ಬಾಗಿದ ಅಂಚು ಇರುತ್ತದೆ, ಹೊಳೆಯ ತಿರುವಿನ ಹಾಗೆ. ಅಲ್ಲಿ ಲೆಕ್ಕ ತಿರುಗುಮುರುಗು. ಹೊಲಿಗೆ ಗೆರೆ ಉದ್ದ, ಕೌದಿಯ ಅಂಚು ಗಿಡ್ಡ. ಪಟ್ಟಿ ಮಡಿಸಿದರೆ ಬಟ್ಟೆ ಮಿಕ್ಕಿ ನೆರಿಗೆ ಬೀಳುತ್ತದೆ. ಹಾಗಾಗಿ ಅಲ್ಲಿ ಮಾತ್ರ ಪಟ್ಟಿಯನ್ನು ಒಂಚೂರು ಎಳೆದು ಹಿಡಿಯಬೇಕು, ಕೌದಿಯ ಅಂಚಿಗೆ ಅರ್ಧ ಇಂಚಿಗೊಂದರಂತೆ ⅛ ಇಂಚಿನ ಕಚ್ಚು ಹಾಕಿ ಬಿಡಿಸಬೇಕು. ಹೊರಕ್ಕೆ ಬಾಗಿದರೆ ಸಡಿಲ, ಒಳಕ್ಕೆ ಬಾಗಿದರೆ ಬಿಗಿ. ನಾನು ಇದನ್ನು ಮೆಷಿನ್ನಿನ ಮೇಲೆ ಚೀಟಿ ಅಂಟಿಸಿಕೊಂಡಿದ್ದೆ ಅಂದರೆ ನಗಬೇಡಿ.

ಹೊಸದಾಗಿ ಅಲೆ ಅಂಚು ಹಾಕುವವರಿಗೆ: ಸಂದಿ ಆಳವಾಗದಂತೆ ನೋಡಿಕೊಳ್ಳಿ. 6 ಇಂಚು ಅಗಲದ ಅಲೆಗೆ 1¼ ಇಂಚಿನ ಆಳ ಸಾಕು, ಸಂದಿ ಹೆಚ್ಚುಕಡಿಮೆ ಲಂಬ ಕೋನಕ್ಕೆ ಬರುತ್ತದೆ, ಅದಕ್ಕಿಂತ ಚೂಪಾದರೆ ಕಷ್ಟ. 60ಕ್ಕೆ 78 ಇಂಚಿನ ಕೌದಿಗೆ ಅಂಥ ಅಲೆ ಒಂದು ಬದಿಗೆ 10, ಇನ್ನೊಂದಕ್ಕೆ 13 ಸರಿಯಾಗಿ ಕೂರುತ್ತದೆ, ಮೂಲೆಯಲ್ಲಿ ಎರಡನ್ನು ಕೂಡಿಸಿ ದುಂಡು ಮಾಡಿಕೊಳ್ಳಬೇಕು. ಪಟ್ಟಿಯ ಉದ್ದವನ್ನು ಟೇಪಿನಲ್ಲಿ ಅಳೆಯಲು ಹೋಗಬೇಡಿ. ಅಲೆಯ ಗೆರೆಯ ಮೇಲೆ ದಾರ ಇಟ್ಟು ಆ ದಾರವನ್ನು ಅಳೆಯಿರಿ. 6 ಇಂಚಿನ ಅಲೆಗೆ ಸುಮಾರು 6.7 ಇಂಚು ಪಟ್ಟಿ ಹೋಗುತ್ತದೆ, ಇಡೀ ಕೌದಿಗೆ 30 ಇಂಚಿಗಿಂತ ಜಾಸ್ತಿಯ ವ್ಯತ್ಯಾಸ. 1930ರ ದಶಕದಲ್ಲಿ ಅಮೆರಿಕದಲ್ಲಿ ತುಂಬಾ ಓಡಿದ 'ಡಬಲ್ ವೆಡ್ಡಿಂಗ್ ರಿಂಗ್' ಅನ್ನುವ ಮಾದರಿಯಿದೆ, ಉಂಗುರಕ್ಕೆ ಉಂಗುರ ಸಿಕ್ಕಿಸಿದಂಥದ್ದು. ಉಂಗುರಗಳ ಹೊರಬದಿಯೇ ಅಂಚಾಗಿ ಉಳಿದು ಸುತ್ತಲೂ ಅಲೆ, ಸಂದಿ. ಅಂಥದ್ದಕ್ಕೆ ಕೈಹಾಕುವ ಮೊದಲು ಚಿಕ್ಕ ಹಾಸಿನ ಮೇಲೆ ನಾಲ್ಕು ಸಂದಿ ಹೊಲಿದು ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಪಟ್ಟಿಯ ಎರಡು ತುದಿ ಸೇರುವ ಜಾಗ ಉಬ್ಬಿ ನಿಲ್ಲುತ್ತದೆ. ಒಂದರೊಳಗೆ ಒಂದನ್ನು ತೂರಿಸಿ ಹೊಲಿಯುತ್ತೇನೆ.

ಉತ್ತರ: ತೂರಿಸಿದರೆ ಆರೇಳು ಪದರ ಒಂದೇ ಕಡೆ ಬೀಳುತ್ತವೆ, ಉಬ್ಬದೆ ಇನ್ನೇನು ಮಾಡುತ್ತದೆ ಪಾಪ. ಶುರು ಮಾಡುವಾಗ 10 ಇಂಚು ಬಾಲ ಬಿಟ್ಟು, ಯಾವುದಾದರೂ ನೇರ ಬದಿಯ ನಡುವಿನಿಂದ ಹೊಲಿಯಲು ತೊಡಗಿ. ಬಾಗಿನ ಮೇಲೆ ಎಂದೂ ಶುರು ಮಾಡಬೇಡಿ. ಪೂರ್ತಿ ದುಂಡು ಕೌದಿಯಾದರೆ ಎಲ್ಲಾದರೂ ಸರಿ. ಸುತ್ತಿ ಬಂದು, ಮೊದಲ ಹೊಲಿಗೆಗೆ 12 ಇಂಚು ಇರುವಾಗ ನಿಲ್ಲಿಸಿ. ಎರಡು ಬಾಲವನ್ನೂ ಅಂಚಿನ ಮೇಲೆ ಎಳೆಯದೆ ಹಾಸಿ, ಪಟ್ಟಿ ಬಿಚ್ಚಿದಾಗ ಎಷ್ಟು ಅಗಲವೋ ಅಷ್ಟೇ, ಅಂದರೆ 2¼ ಇಂಚು ಒಂದರ ಮೇಲೊಂದು ಬರುವ ಹಾಗೆ ನೇರಕ್ಕೆ ಕತ್ತರಿಸಿ. ಎರಡೂ ತುದಿ ಬಿಚ್ಚಿ, ಒಳ್ಳೆಯ ಬದಿಗಳು ಮುಖಾಮುಖಿಯಾಗಿ, ಒಂದಕ್ಕೊಂದು ಅಡ್ಡವಾಗಿ ಇಟ್ಟು ಮೂಲೆಯಿಂದ ಮೂಲೆಗೆ ಓರೆ ಹೊಲಿಗೆ ಹಾಕಿ. ಕತ್ತರಿ ಮುಟ್ಟುವ ಮೊದಲು ಪಟ್ಟಿಯನ್ನು ಅಂಚಿಗೆ ಇಟ್ಟು ನೋಡಿ, ತಿರುಚಿಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ. (ಮೂರು ಸಲ ತಿರುಚಿ ಹೊಲಿದವಳ ಮಾತಿದು.) ಕಾಲು ಇಂಚು ಉಳಿಸಿ ಮಿಕ್ಕಿದ್ದು ಕತ್ತರಿಸಿ, ಬಿಡಿಸಿ ಇಸ್ತ್ರಿ ಮಾಡಿ, ಉಳಿದ 12 ಇಂಚು ಹೊಲಿದುಬಿಡಿ.

ಪ್ರಶ್ನೆ: ಹಿಂಬದಿಯ ಹೊಲಿಗೆ ಕೈಯಲ್ಲೇ ಹಾಕಬೇಕಾ? ಮೆಷಿನ್ನಲ್ಲಿ ಹಾಕಿದರೆ ಬಾಗಿನಲ್ಲಿ ಗೆರೆ ಸೊಟ್ಟ ಹೋಗುತ್ತದೆ.

ಉತ್ತರ: ದಿನಾ ಎಳೆದಾಡಿ, ವಾರಕ್ಕೊಮ್ಮೆ ಒಗೆಯುವ ಕೌದಿಯಾದರೆ ಮೆಷಿನ್. ಉಳಿದದ್ದಕ್ಕೆಲ್ಲ ನನ್ನ ಓಟು ಕೈಗೆ, ಅದರಲ್ಲೂ ಬಾಗಿದ ಅಂಚಿಗೆ. ಬಾಗಿನಲ್ಲಿ ಪಟ್ಟಿ ಎಲ್ಲಿ ಎಷ್ಟು ಬೇಕೋ ಅಷ್ಟು ತಿರುಗುವಂತೆ ಬೆರಳು ಅದನ್ನು ಒಲಿಸಿಕೊಳ್ಳುತ್ತದೆ, ಫುಟ್‌ಗೆ ಅಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ. ಪಟ್ಟಿಯ ಬಣ್ಣದ್ದೇ ದಾರ, ಒಂಟಿ ಎಳೆ, 18 ಇಂಚಿಗಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಸೂಜಿ ಹಿಂಬದಿಯ ಬಟ್ಟೆಯ ಎರಡು ಮೂರು ಎಳೆ ಎತ್ತಿ, ಪಟ್ಟಿಯ ಮಡಿಕೆಯೊಳಗೆ ನುಗ್ಗಿ, ⅛ ಇಂಚು ಮುಂದೆ ಹೊರಬರಲಿ. ಮೇಲ್ಬದಿಗೆ ಸೂಜಿ ಹೋಗಬಾರದು. ಮೆಷಿನ್ನಿನ ಹೊಲಿಗೆ ಗೆರೆ ಪೂರ್ತಿ ಮುಚ್ಚುವಷ್ಟು ಪಟ್ಟಿಯನ್ನು ಎಳೆದುಕೊಳ್ಳಿ, ಅದಕ್ಕಿಂತ ಜಾಸ್ತಿ ಎಳೆದರೆ ಮತ್ತೆ ಅದೇ ದೊನ್ನೆ.

ಮೆಷಿನ್ನೇ ಆಗಬೇಕೆಂದರೆ ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು ಮುಂದಕ್ಕೆ ಮಡಿಸಿ. ಕೊನೆಯ ಹೊಲಿಗೆ ಕಣ್ಣೆದುರೇ ಇರುತ್ತದೆ. ಬಾಗು ಬರುವ ಕಡೆ ಒಗೆದರೆ ಹೋಗುವಂಥ ಅಂಟುಕಡ್ಡಿ ಸವರಿ, ಇಸ್ತ್ರಿ ಒತ್ತಿ ಮಡಿಕೆಯನ್ನು ಕೂರಿಸಿಕೊಂಡರೆ ಗೆರೆ ಸೊಟ್ಟ ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ: ರೆಡಿ ಸಿಗುವ ಬಯಾಸ್ ಟೇಪು ಹಾಕಬಹುದಾ?

ಉತ್ತರ: ಹಾಕಬಹುದು. ಅದೂ ಕ್ರಾಸ್ ಕತ್ತರಿಸಿದ್ದೇ. ಆದರೆ ಹೆಚ್ಚಿನವು ಒಂದೇ ಪದರ, ಬಟ್ಟೆ ತೆಳು, ದಪ್ಪ ಕೌದಿಯನ್ನು ಸುತ್ತುವಷ್ಟು ಅಗಲ ಇರುವುದಿಲ್ಲ. ಗೋಡೆಗೆ ತೂಗುಹಾಕುವ ಚಿಕ್ಕ ಕೌದಿಗೆ ಸರಿ, ಹೊದೆಯುವ ಕೌದಿಗೆ ಬೇಡ.

ಪ್ರಶ್ನೆ: ಕೆಂಪು ಬಿಳಿ ಪಟ್ಟೆಯ ಬಟ್ಟೆ ಇದೆ. ಬಿಳಿ ಕೌದಿಯ ಬಾಗಿದ ಅಂಚಿಗೆ ಚೆನ್ನಾಗಿ ಕಾಣುತ್ತದಾ?

ಉತ್ತರ: ತುಂಬಾ ಚೆನ್ನಾಗಿ ಕಾಣುತ್ತದೆ. ಕ್ರಾಸ್ ಕತ್ತರಿಸಿದಾಗ ಪಟ್ಟೆಗಳು ಓರೆಯಾಗಿ ಅಂಚನ್ನು ಹಗ್ಗ ಸುತ್ತಿದ ಹಾಗೆ ಸುತ್ತುತ್ತವೆ, ಬಾಗಿನಲ್ಲಿ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು ನೋಡಲೇ ಒಂದು ಚಂದ. ಜೋಡಣೆಯಲ್ಲಿ ಪಟ್ಟೆಗೆ ಪಟ್ಟೆ ಕೂಡಿಸಿಕೊಳ್ಳಿ. ಆದರೆ ಕೆಂಪು ಅಂದಿರಿ, ಅದೂ ಬಿಳಿಯ ಪಕ್ಕ. ಕತ್ತರಿಸುವ ಮೊದಲೇ ಬಿಸಿ ನೀರಲ್ಲಿ ಎರಡು ಸಲ ಒಗೆದು, ಒದ್ದೆ ಇರುವಾಗ ಬಿಳಿ ಚಿಂದಿಯ ಮೇಲೆ ಒತ್ತಿ ನೋಡಿ. ಚಿಂದಿ ಗುಲಾಬಿಯಾದರೆ ಇನ್ನೂ ಒಂದು ಸಲ ಒಗೆಯಿರಿ. ಆಗಲೂ ಬಣ್ಣ ಬಿಟ್ಟರೆ ಆ ಬಟ್ಟೆಯನ್ನು ಬೇರೆ ಯಾವುದಾದರೂ ಗಾಢ ಬಣ್ಣದ ಕೌದಿಗೆ ಎತ್ತಿಡಿ.